ಜಿನುಗು, ತೊಟ್ಟು, ಸೋರಿಕೆ: ಹಳೆಯ ಎಂಜಿನ್ನಿನ ಎಣ್ಣೆಯ ವಿಚಾರ

ಜತ್ತ ತಾಲೂಕಿನ ಕುಣಿಕೋಣೂರಿನಂಥ ಗಡಿಹಳ್ಳಿಯಲ್ಲಿ ಹಳೆಯ ವಾಹನದ ದುರಸ್ತಿಯ ಮಾತು ಕನ್ನಡದಲ್ಲಿ ಆರಂಭವಾಗಿ ಮರಾಠಿಯಲ್ಲಿ ಮುಗಿಯಬಹುದು. ಎಣ್ಣೆ ಹೊರಬರುವ ಬಗೆಯನ್ನು ಹೇಳಲು ಎರಡೂ ಭಾಷೆಗಳು ಸಮರ್ಥವಾಗಿವೆ. ಕನ್ನಡದಲ್ಲಿ ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು. ಮರಾಠಿಯಲ್ಲಿ ಪಾಝರ, ಠಿಬಕ, ಗಳತಿ. (ದಾಳಿಂಬೆ ತೋಟದವರು ಹನಿ ನೀರಾವರಿಗೆ ಹೇಳುವ ‘ಠಿಬಕ’ ಇದೇ.) ಎಣ್ಣೆಗೆ ಇವುಗಳಲ್ಲಿ ಯಾವ ಕ್ರಿಯಾಪದ ಸಲ್ಲುತ್ತದೆಂಬ ನಿರ್ಣಯವೇ ದುರಸ್ತಿಯ ಮೊದಲ ಹೆಜ್ಜೆ. ಗ್ಯಾಸ್ಕೆಟಿನ ಅಂಚಿನಲ್ಲಿ ಜಿನುಗಿ ಧೂಳು ಹಿಡಿದು ನಿಂತ ಎಣ್ಣೆಗೆ ಅವಸರವಿಲ್ಲ. ಸೋರುತ್ತಿದ್ದರೆ ವಾಹನವನ್ನು ಚಲಾಯಿಸಲೇಬಾರದು.

ಎಣ್ಣೆ ಕಂಡ ಸ್ಥಳವೇ ಅದರ ಮೂಲವೆಂದು ತಿಳಿಯಬಾರದು. ಅದು ಕೆಳಕ್ಕೆ ಇಳಿಯುತ್ತದೆ, ಓಟದ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಎಂಜಿನ್ನನ್ನು ತೊಳೆದು ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ, ತುಸು ಹೊತ್ತು ಓಡಿಸಿದರೆ ಮೊದಲು ಒದ್ದೆಯಾಗುವ ಜಾಗ ತಾನೇ ಕಾಣುತ್ತದೆ. ಗ್ಯಾಸ್ಕೆಟ್ ಬದಲಿಸುವ ಮುನ್ನ ಎಂಜಿನ್ನಿನ ಉಸಿರುನಳಿಗೆಯನ್ನು ಪರೀಕ್ಷಿಸಬೇಕು. ಅದು ಕಟ್ಟಿಕೊಂಡರೆ ಒಳಗಿನ ಅನಿಲ ಎಣ್ಣೆಯನ್ನು ಹೊರದೂಡುತ್ತದೆ. ಹೊಸ ಸೀಲೂ ನಿಲ್ಲದು.

2014ರಲ್ಲಿ ಉತ್ಪಾದನೆ ನಿಂತ ಅಂಬಾಸಡರ್ ಕಾರಿನ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಇಲ್ಲಿ ಒಳ್ಳೆಯ ಪಾಠ. ಅದರ ಕ್ರ್ಯಾಂಕ್ ದಂಡದ ಹಿಂತುದಿಯಲ್ಲಿ ರಬ್ಬರಿನ ಸೀಲ್ ಇಲ್ಲ. ತಿರುಚಿನ ಗೆರೆಯೊಂದನ್ನು ಕೊರೆದಿದ್ದು, ದಂಡ ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ಮರಳಿಸುತ್ತದೆ. ಎಂಜಿನ್ ನಿಂತಾಗ ಗೆರೆಯ ಕೆಲಸವೂ ನಿಲ್ಲುತ್ತದೆ. ಆದ್ದರಿಂದ ಬೆಳಿಗ್ಗೆ ನೆಲದಲ್ಲಿ ಕಾಣುವ ನಾಲ್ಕು ತೊಟ್ಟು ರೋಗವಲ್ಲ, ಆ ಎಂಜಿನ್ನಿನ ಸ್ವಭಾವ. ತೊಟ್ಟು ದಿನೇ ದಿನೇ ಹೆಚ್ಚಿದರೆ ಮಾತ್ರ ಶಂಕಿಸಬೇಕು: ಬೇರಿಂಗ್ ಸವೆದು ದಂಡ ತನ್ನ ಕೇಂದ್ರದಿಂದ ಸರಿದಿರಬಹುದು. ಅದೇ ಸವಕಳಿ ಎಣ್ಣೆಯ ಒತ್ತಡವನ್ನೂ ಇಳಿಸುತ್ತದೆ.

ಒತ್ತಡವನ್ನು ಪಂಪು ಉಂಟುಮಾಡುತ್ತದೆಂಬ ಮಾತು ಅರ್ಧಸತ್ಯ. ಪಂಪು ಕೊಡುವುದು ಹರಿವನ್ನು; ಬೇರಿಂಗಿನ ಕಿರಿದಾದ ಸಂದು ಆ ಹರಿವನ್ನು ತಡೆದಾಗ ಒತ್ತಡ ಹುಟ್ಟುತ್ತದೆ, ಪೈಪಿನ ಬಾಯಿಗೆ ಬೆರಳಿಟ್ಟಾಗ ನೀರು ಚಿಮ್ಮುವಂತೆ. ಸಂದು ಹಿಗ್ಗಿದರೆ ಹೊಸ ಪಂಪು ಹಾಕಿಯೂ ಫಲ ಅಲ್ಪ. ಹಾಗೆಂದು ಕೆಂಪು ದೀಪ ಹತ್ತಿದೊಡನೆ ಎಂಜಿನ್ ಬಿಚ್ಚಬೇಕಿಲ್ಲ. ಕಡ್ಡಿಯಿಂದ ಎಣ್ಣೆಯ ಮಟ್ಟ ಅಳೆದು, ಅದಕ್ಕೆ ಪೆಟ್ರೋಲಿನ ವಾಸನೆಯಿದೆಯೇ ಎಂದು ಮೂಸಿ ನೋಡಬೇಕು. ಪೆಟ್ರೋಲ್ ಬೆರೆತ ಎಣ್ಣೆ ತೆಳುವಾಗಿ ಒತ್ತಡ ತಗ್ಗುತ್ತದೆ. ದೀಪದ ಸ್ವಿಚ್ಚೇ ಕೆಟ್ಟಿರಬಹುದಾದ ಕಾರಣ ಆ ಜಾಗಕ್ಕೆ ಮುಳ್ಳಿನ ಮಾಪಕವನ್ನು ಜೋಡಿಸಿ, ಎಂಜಿನ್ ಕಾದ ಮೇಲೆ ಓದಬೇಕು. ಪ್ರತಿ 1000 ಸುತ್ತಿಗೆ 10 ಪಿ.ಎಸ್.ಐ. ಎಂಬುದು ಮೆಕ್ಯಾನಿಕರ ಸ್ಥೂಲ ಸೂತ್ರ. ಕಡಿಮೆಯಿದ್ದರೆ ಒತ್ತಡ ನಿಯಂತ್ರಿಸುವ ಕವಾಟವನ್ನು ಮೊದಲು ಬಿಚ್ಚುವುದು ಜಾಣತನ, ಏಕೆಂದರೆ ಸಡಿಲ ಸ್ಪ್ರಿಂಗಿನ ಬೆಲೆ ಅಲ್ಪ. ಆಮೇಲೆ ಎಣ್ಣೆತೊಟ್ಟಿಯ ಜಾಲರಿ, ಪಂಪು, ಕಡೆಗೆ ಬೇರಿಂಗ್.

ದಪ್ಪ ಎಣ್ಣೆ ಸುರಿದು ಮುಳ್ಳನ್ನು ಮೇಲೇರಿಸುವ ಉಪಾಯವೂ ಬಳಕೆಯಲ್ಲಿದೆ. ಜತ್ತದ ಬೇಸಿಗೆಯಲ್ಲಿ ಅದು ಕೆಲಕಾಲ ನಡೆದೀತು; ಮಾಗಿಯ ಬೆಳಗಿನಲ್ಲಿ ಆ ಎಣ್ಣೆ ಬೇರಿಂಗನ್ನು ತಲುಪುವುದೇ ತಡವಾಗಿ, ಉಳಿದಿದ್ದ ಲೋಹವೂ ತೇಯುತ್ತದೆ.