ಅಡಿಕೆ ತೋಟದಿಂದ ಹಿಮಶಿಖರದ ಪಾಠಶಾಲೆಗೆ

ಕೊನೆಕೊಯ್ಲಿನ ದಿನಗಳಲ್ಲಿ ಶಿರಸಿ ಬಳಿಯ ಭೈರುಂಬೆಯ ತೋಟಗಳಲ್ಲಿ ಕತ್ತೆತ್ತಿ ನೋಡುವಂಥ ದೃಶ್ಯವೊಂದಿದೆ. ಕೊನೆಗೌಡ ಮರದ ತುದಿಯಲ್ಲಿದ್ದುಕೊಂಡೇ ಪಕ್ಕದ ಮರವನ್ನು ಎಳೆದುಕೊಂಡು, ನೆಲಕ್ಕಿಳಿಯದೆ ಅದಕ್ಕೆ ದಾಟುತ್ತಾನೆ. ಕೆಳಗೆ ಹಗ್ಗ ಹಿಡಿದವನು ಕಣ್ಣು ಆಚೀಚೆ ಮಾಡುವಂತಿಲ್ಲ. ಇದೇ ಎತ್ತರ, ಇದೇ ಹಗ್ಗ, ಇದೇ ನಂಬಿಕೆಯನ್ನು ಪಾಠವಾಗಿ ಕಲಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆಗಳೂ ಇವೆ. ಪಿಯುಸಿ ಮುಗಿಸಿ, ಕಾಡು-ಗುಡ್ಡ ಬಿಟ್ಟಿರಲಾರೆ ಎನ್ನುವ ಮಗನೋ ಮಗಳೋ ಮನೆಯಲ್ಲಿದ್ದರೆ ಈ ವಿಷಯ ತಿಳಿದಿರುವುದು ಒಳ್ಳೆಯದು.

ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಹುಟ್ಟಿತು. 1965ರಲ್ಲಿ ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. 1984ರಲ್ಲಿ ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಕಲಿತದ್ದು ಇಲ್ಲಿಯೇ. ನಮ್ಮ ರಾಜ್ಯದಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಎತ್ತರವೆಂದರೆ ಮೈ ನಡುಗುತ್ತದೋ ಇಲ್ಲವೋ ಎಂಬುದನ್ನು ಉತ್ತರಕಾಶಿಗೆ ಹೋಗಿ ಕಂಡುಕೊಳ್ಳುವುದಕ್ಕಿಂತ, ಅಕಾಡೆಮಿಯ ಬಂಡೆ ಹತ್ತುವ ಶಿಬಿರದಲ್ಲಿ ಕಂಡುಕೊಳ್ಳುವುದು ಅಗ್ಗ.

ಮೆಟ್ಟಿಲುಗಳು ಮೂರು. ಮೊದಲನೆಯದು ಸುಮಾರು ನಾಲ್ಕು ವಾರಗಳ ಮೂಲ ಕೋರ್ಸು. ಅದರಲ್ಲಿ ‘ಎ’ ಶ್ರೇಣಿ ಬಂದರೆ ಉನ್ನತ ಕೋರ್ಸು. ಅಲ್ಲಿಯೂ ‘ಎ’ ಬಂದವರಿಗೆ, ಬೇರೆಯವರಿಗೆ ಕಲಿಸುವುದು ಹೇಗೆಂಬ ಬೋಧನಾ ಕೋರ್ಸು. ತಂಡವನ್ನು ಮುನ್ನಡೆಸಬೇಕೆನ್ನುವವರ ಗುರಿ ಈ ಮೂರನೆಯದು. ಆದ್ದರಿಂದ ಮೊದಲ ಕೋರ್ಸನ್ನು ಪ್ರವಾಸವೆಂದು ಭಾವಿಸಿ ಹೋದವರು ಅಲ್ಲಿಗೇ ನಿಲ್ಲಬೇಕಾಗುತ್ತದೆ. ಭಾರದ ಚೀಲ ಹೊತ್ತು ಏರು ಹತ್ತುವುದನ್ನು ಊರಿನಲ್ಲೇ ಎರಡು-ಮೂರು ತಿಂಗಳು ರೂಢಿಸಿಕೊಂಡಿರಬೇಕು. ಪಾಠ ನಡೆಯುವುದು ಹಿಂದಿ, ಇಂಗ್ಲಿಷಿನಲ್ಲಿ. ಹಿಂದಿಗೆ ಹೆದರುವವರು ಅದನ್ನೂ ಕೊಂಚ ರೂಢಿಸಿಕೊಳ್ಳಲಿ.

ಅರ್ಜಿಯಲ್ಲಿ ಹೆಚ್ಚಿನ ತೊಡಕಿಲ್ಲ. ವಯಸ್ಸಿನ ದಾಖಲೆ, ಭಾವಚಿತ್ರ, ವೈದ್ಯರ ಪ್ರಮಾಣಪತ್ರ, ಅಪಾಯದ ಹೊಣೆ ತಮ್ಮದೇ ಎಂಬ ಮುಚ್ಚಳಿಕೆ. ಅಪ್ರಾಪ್ತರಾದರೆ ಪಾಲಕರ ಸಹಿ. ವಯೋಮಿತಿ, ಶುಲ್ಕ ಎರಡೂ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ತಂಡಗಳು ತಿಂಗಳುಗಳ ಮೊದಲೇ ತುಂಬುವುದರಿಂದ ಪರೀಕ್ಷೆ ಮುಗಿಯಲೆಂದು ಕಾಯಬಾರದು.

ಆ ಮುಚ್ಚಳಿಕೆಗೆ ಸಹಿ ಹಾಕುವ ಮೊದಲು ಪಾಲಕರು ಒಂದು ಸಂಗತಿ ತಿಳಿದಿರಬೇಕು. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಉತ್ತರಕಾಶಿ ಸಂಸ್ಥೆಯ ಉನ್ನತ ಕೋರ್ಸಿನ ತಂಡ ಹಿಮಪಾತಕ್ಕೆ ಸಿಕ್ಕಿ 29 ಮಂದಿ ಜೀವ ಕಳೆದುಕೊಂಡರು. ಅದೇ ವರ್ಷ ಎವರೆಸ್ಟ್ ಏರಿದ್ದ ಬೋಧಕಿ ಸವಿತಾ ಕನ್ಸ್ವಾಲ್ ಅವರಲ್ಲೊಬ್ಬರು. ಅನುಭವಿಗಳಿದ್ದ ಮಾತ್ರಕ್ಕೆ ಹಿಮ ರಿಯಾಯಿತಿ ತೋರುವುದಿಲ್ಲ. ಹಾಗೆಂದು ಮಕ್ಕಳನ್ನು ಕಟ್ಟಿಹಾಕಿದರೆ, ಹಗ್ಗವಿಲ್ಲದೆ, ಹೇಳಿಕೊಡುವವರಿಲ್ಲದೆ ಜಲಪಾತದ ಪಾಚಿಗಲ್ಲು ಹತ್ತುವ ಹುಡುಗರಿಗೇನೂ ಕೊರತೆಯಾಗದು. ಮನೆಯಲ್ಲಿ ಕೂತು ಎರಡನ್ನೂ ತೂಗಿ ನೋಡಬೇಕು.

ಇನ್ನು ಸಂಪಾದನೆ. ಚಾರಣ ಸಂಸ್ಥೆಗಳು, ಸಾಹಸ ಶಿಬಿರಗಳು, ಜಿಲ್ಲೆಯೊಳಗೇ ಗಣೇಶಗುಡಿಯ ಕಾಳಿ ನದಿಯ ರ್‍ಯಾಫ್ಟಿಂಗ್ ಕೇಂದ್ರಗಳು ತರಬೇತಾದವರಿಗೆ ಕೆಲಸ ಕೊಡಬಲ್ಲ ಜಾಗಗಳು. ಆದರೆ ಇದು ಬಹುಮಟ್ಟಿಗೆ ಹಂಗಾಮಿನ ದುಡಿಮೆ. ಮಳೆಗಾಲದ ಖರ್ಚಿಗೆ ತೋಟವೋ ಪದವಿಯೋ ಬೆನ್ನಿಗಿರಬೇಕು. ಪದವಿ ಓದುತ್ತಲೇ ರಜೆಯಲ್ಲಿ ಮೂಲ ಕೋರ್ಸು ಮುಗಿಸುವುದು ಜಾಣತನ.

ಈಗ ಅರ್ಜಿ ಹೋಗುವುದು ಅಂತರಜಾಲದ ಮೂಲಕ. ಒಟಿಪಿ ಬರುವಷ್ಟು ಸಿಗ್ನಲ್ ಸಿಗದ ಮನೆಯವರು ಮೊದಲು ಒಂದು ಗುಡ್ಡ ಹತ್ತಬೇಕಾದೀತು.