ತೂಕ ಇಳಿದ ಮೇಲೆ ಕಲಿಯುವ ಓಟ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬುದು ನಮ್ಮ ಹಿರಿಯರ ಗಾದೆ. ಇದರ ಮೊದಲ ಅರ್ಧವನ್ನು ಸ್ಥೂಲಕಾಯರ ಮುಂದೆ ಆಡದವರು ವಿರಳ. ಎರಡನೆಯ ಅರ್ಧವು ಹಾಗೆ ಆಡುವವರಿಗೇ ಅನ್ವಯಿಸುತ್ತದೆ ಎಂಬುದು ಮಾತ್ರ ಅಷ್ಟಾಗಿ ನೆನಪಾಗುವುದಿಲ್ಲ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ವೈದ್ಯರ ಸಲಹೆಯಂತೆ ಮೊದಲ ಬಾರಿಗೆ ಓಡಲು ಹೊರಟವರ ವಿಷಯವನ್ನು ಈ ವಾರ ನಾವು ಎತ್ತಿಕೊಳ್ಳಲು ಈ ಮರೆವೂ ಒಂದು ಕಾರಣ.

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಹಾರೋಹಳ್ಳಿ ಇದೆ. 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿ, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದುದನ್ನೂ ಕಂಡ ಊರಿದು. ರಾಗಿ ಮತ್ತು ರೇಷ್ಮೆಯ ಈ ಸೀಮೆಯಲ್ಲಿ ಕೈಗಾರಿಕಾ ಪ್ರದೇಶವು ಹಂತಹಂತವಾಗಿ ಬೆಳೆದಂತೆ ಜನರ ದಿನಚರಿಯೂ ಬದಲಾಯಿತು. ಹಿಪ್ಪುನೇರಳೆ ಸೊಪ್ಪು ಹೊತ್ತು, ಹೊಲದ ಬದುಗಳನ್ನು ಏರಿಳಿದವರ ಮಕ್ಕಳು ಇಂದು ಕಾರ್ಖಾನೆಯ ವಾಹನದಲ್ಲಿ ಕುಳಿತು ಹೋಗುತ್ತಾರೆ, ಯಂತ್ರದ ಮುಂದೆ ಒಂದೇ ಕಡೆ ನಿಲ್ಲುತ್ತಾರೆ, ರಾತ್ರಿಪಾಳಿ ಮುಗಿಸಿ ಹಗಲು ಮಲಗುತ್ತಾರೆ. ಊಟ ಮಾತ್ರ ಹೊಲದಲ್ಲಿ ದುಡಿಯುತ್ತಿದ್ದ ಅಪ್ಪನದೇ ಅಳತೆಯದು! ಇದು ಹಾರೋಹಳ್ಳಿಯೊಂದರ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಪ್ರತಿ 100 ಮಹಿಳೆಯರಲ್ಲಿ 24 ಮಂದಿ, ಪುರುಷರಲ್ಲಿ ಸುಮಾರು 23 ಮಂದಿ ಅತಿತೂಕ ಅಥವಾ ಬೊಜ್ಜು ಉಳ್ಳವರು.

ಕತ್ತರಿ ಮಾಡುವುದೇನು?

1960ರ ದಶಕದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ಅವರು ಜಠರವನ್ನು ವಿಭಾಗಿಸಿ, ಅದರ ಚಿಕ್ಕ ಭಾಗವನ್ನು ಕರುಳಿಗೆ ಜೋಡಿಸುವ ವಿಧಾನವನ್ನು ಆರಂಭಿಸಿದರು. ಇಂದು ಹೆಚ್ಚು ಬಳಕೆಯಲ್ಲಿರುವ 'ಸ್ಲೀವ್' ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದು, ಬಾಳೆಕಾಯಿಯಷ್ಟು ಸಣ್ಣ ಕೊಳವೆಯನ್ನು ಉಳಿಸುತ್ತಾರೆ. 'ಬೈಪಾಸ್' ವಿಧಾನದಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವೊಂದೇ ಆಹಾರಕ್ಕೆ ದಕ್ಕುವ ಜಠರ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ರಸದೂತವು ಬಹುಮಟ್ಟಿಗೆ ಜಠರದ ಮೇಲ್ಭಾಗದಲ್ಲಿ ಹುಟ್ಟುವುದರಿಂದ, ಆ ಭಾಗವನ್ನು ತೆಗೆಯುವ ಸ್ಲೀವ್ ಚಿಕಿತ್ಸೆಯಲ್ಲಿ ಹಸಿವಿನ ಕೂಗೂ ತಗ್ಗುತ್ತದೆ.

ಇದು ಸೌಂದರ್ಯದ ಚಿಕಿತ್ಸೆಯಲ್ಲ. ದೇಹತೂಕ ಸೂಚ್ಯಂಕ 35 ದಾಟಿದವರಿಗೆ, ಅಥವಾ 30 ದಾಟಿ ಸಕ್ಕರೆ ಕಾಯಿಲೆಯಂತಹ ತೊಂದರೆಯುಳ್ಳವರಿಗೆ ಇದನ್ನು ಪರಿಗಣಿಸಬಹುದೆಂದು ಅಂತರರಾಷ್ಟ್ರೀಯ ವೈದ್ಯಸಂಘಗಳು 2022ರಲ್ಲಿ ಹೇಳಿವೆ. ಏಷ್ಯಾದ ಜನರಲ್ಲಿ ಕಡಿಮೆ ತೂಕದಲ್ಲಿಯೇ ರೋಗಗಳು ತಲೆದೋರುವುದರಿಂದ ನಮ್ಮವರಿಗೆ ಈ ಗಡಿ 27.5ರಿಂದಲೇ ಆರಂಭವಾಗುತ್ತದೆ.

"ಅಡ್ಡದಾರಿ" ಎಂಬ ಮಾತು

ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ಜನ ಸೇರಿದಾಗ ಇಂತಹವರ ಕುರಿತು ಎರಡು ಮಾತುಗಳು ಕೇಳಿಬರುತ್ತವೆ. "ಬಾಯಿ ಕಟ್ಟಲಾಗದೆ ಹೊಟ್ಟೆ ಕತ್ತರಿಸಿಕೊಂಡರು" ಎಂಬುದು ಮೊದಲನೆಯದು. "ಇದೇನು ಹೊಸ ವೇಷ?" ಎಂಬುದು ಅವರು ಓಡುವ ಬೂಟು ಧರಿಸಿದಾಗ ಬರುವ ಎರಡನೆಯದು. ಇವೆರಡೂ ಸತ್ಯಕ್ಕೂ ದೂರ, ಪ್ರೀತಿಗೂ ದೂರ.

ಸಂತ ತೋಮಸ್ ಅಕ್ವಿನಾಸ್ ಅವರದು ಭಾರೀ ಮೈಕಟ್ಟು ಎಂಬುದು ಪರಂಪರೆಯಿಂದ ಬಂದ ಮಾತು. ಅವರ ಹೊಟ್ಟೆಗೆ ಎಡೆಮಾಡಲು ಊಟದ ಮೇಜನ್ನೇ ಅರ್ಧಚಂದ್ರಾಕಾರವಾಗಿ ಕೊಯ್ದಿದ್ದರೆಂಬ ದಂತಕಥೆಯೂ ಇದೆ. ಆ ಮಹಾಜ್ಞಾನಿಯೇ ಹೊಟ್ಟೆಬಾಕತನದ ವಿಚಾರ ಮಾಡುವಾಗ, ಆ ದೋಷವು ಅನ್ನದಲ್ಲಿಲ್ಲ, ವಿವೇಕದ ಅಂಕೆ ಮೀರಿದ ಆಸೆಯಲ್ಲಿದೆ ಎಂದು ನಿರ್ಣಯಿಸಿದರು. ಹಾಗಿದ್ದ ಮೇಲೆ ದೇಹದ ಗಾತ್ರವನ್ನು ನೋಡಿ ಆತ್ಮದ ಲೆಕ್ಕ ಬರೆಯುವ ಅಧಿಕಾರ ನಮಗಾರಿಗೂ ಇಲ್ಲ. ವಂಶದ ಗುಣ, ರಸದೂತಗಳ ಏರುಪೇರು, ಔಷಧಿಗಳು, ನಿದ್ರೆಗೆಡಿಸುವ ಪಾಳಿಕೆಲಸ, ಇವೆಲ್ಲವೂ ತೂಕದಲ್ಲಿ ಪಾಲುಗಾರರು. ತೂಕ ಇಳಿದಾಗ ದೇಹವೇ ಹಸಿವನ್ನು ಹೆಚ್ಚಿಸಿ, ಶಕ್ತಿಯ ವ್ಯಯವನ್ನು ತಗ್ಗಿಸಿ, ಕಳೆದುಕೊಂಡುದನ್ನು ಮರಳಿ ಪಡೆಯಲು ಹೆಣಗುತ್ತದೆ. ಮನಸ್ಸು ಗಟ್ಟಿಮಾಡಿ ಹತ್ತು ಬಾರಿ ಇಳಿಸಿ ಹತ್ತು ಬಾರಿಯೂ ಸೋತವನನ್ನು ದುರ್ಬಲನೆನ್ನುವುದು ನ್ಯಾಯವಲ್ಲ.

ಅಷ್ಟೇ ಅಲ್ಲ, ಕತ್ತರಿಯು ಸಂಯಮದ ಕೆಲಸವನ್ನು ಮುಗಿಸುವುದಿಲ್ಲ. ಆರಂಭಿಸಲು ಅವಕಾಶ ಕೊಡುತ್ತದೆ, ಅಷ್ಟೆ. ಶಸ್ತ್ರಚಿಕಿತ್ಸೆಯಾದ ಕೆಲವು ವರ್ಷಗಳ ಮೇಲೆ ತೂಕ ಮರಳಿ ಏರಿದವರೂ ಇದ್ದಾರೆ. ಕುಂಟನಿಗೆ ಊರುಗೋಲು ಕೊಟ್ಟರೆ ನಡೆಯಬೇಕಾದವನು ಅವನೇ ತಾನೆ?

ಓಟವೇಕೆ, ಎಂದಿನಿಂದ?

ತೂಕ ವೇಗವಾಗಿ ಇಳಿಯುವಾಗ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಆದುದರಿಂದ ವ್ಯಾಯಾಮವು ಚಿಕಿತ್ಸೆಯದೇ ಅಂಗ. ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಇಲ್ಲವೆ 75ರಿಂದ 150 ನಿಮಿಷಗಳ ತೀವ್ರ ಶ್ರಮ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದರೊಡನೆ ವಾರಕ್ಕೆರಡು ದಿನ ಮಾಂಸಖಂಡಗಳನ್ನು ಬಲಪಡಿಸುವ ಅಭ್ಯಾಸವೂ ಬೇಕು.

ಶಸ್ತ್ರಚಿಕಿತ್ಸೆಯ ನಂತರ ಮೊದಲ ದಿನದಿಂದಲೇ ರೋಗಿಯನ್ನು ಆಸ್ಪತ್ರೆಯ ಪಡಸಾಲೆಯಲ್ಲಿ ನಡೆಸುತ್ತಾರೆ; ಕಾಲಿನ ರಕ್ತ ಹೆಪ್ಪುಗಟ್ಟದಿರಲು ಇದು ಅಗತ್ಯ. ಭಾರ ಎತ್ತುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ತಡೆ. ಓಟ ಮಾತ್ರ ಇನ್ನೂ ತಡವಾಗಿ, ಗಾಯ ಮಾಗಿ, ಅರ್ಧ ಗಂಟೆ ಚುರುಕಾಗಿ ನಡೆಯುವುದು ಸಲೀಸಾದ ಮೇಲೆ, ಚಿಕಿತ್ಸೆ ಮಾಡಿದ ವೈದ್ಯರ ಅಪ್ಪಣೆಯೊಡನೆಯೇ ಆರಂಭವಾಗಬೇಕು. ಇಲ್ಲಿ ಅವಸರಕ್ಕೆ ಎಡೆಯಿಲ್ಲ. ಓಡುವಾಗ ಪ್ರತಿ ಹೆಜ್ಜೆಯೂ ನೆಲಕ್ಕೆ ತಾಗುವ ಬಲ ದೇಹತೂಕದ ಎರಡರಿಂದ ಮೂರು ಪಟ್ಟು. ಆದರೆ ಸಮಾಧಾನದ ಸಂಗತಿಯೂ ಇದೆ. ಮಂಡಿನೋವಿನ ಸ್ಥೂಲಕಾಯರನ್ನು ಪರೀಕ್ಷಿಸಿದ 2005ರ ಅಧ್ಯಯನವೊಂದು, ಒಂದು ಕಿಲೊ ತೂಕ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಯಲ್ಲಿಯೂ ಮಂಡಿಯ ಹೊರೆ ಸುಮಾರು ನಾಲ್ಕು ಕಿಲೊದಷ್ಟು ತಗ್ಗುತ್ತದೆಂದು ತೋರಿಸಿತು. ಇಪ್ಪತ್ತು ಕಿಲೊ ಇಳಿದವರು ತಮ್ಮ ಮಂಡಿಗಳಿಗೆ ಎಂತಹ ಉಪಕಾರ ಮಾಡಿದ್ದಾರೆಂಬುದನ್ನು ಓದುಗರೇ ಗುಣಿಸಿಕೊಳ್ಳಲಿ.

ಆರಂಭದ ಕ್ರಮವೊಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬ ಅಮೆರಿಕದ ಯುವಕ ರೂಪಿಸಿದ, ಒಂಬತ್ತು ವಾರಗಳಲ್ಲಿ ಐದು ಕಿಲೋಮೀಟರ್ ಓಡಲು ಕಲಿಸುವ ಕ್ರಮವದು. ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ನಡೆದು ಮೈ ಬೆಚ್ಚಗಾದ ಮೇಲೆ, 60 ಸೆಕೆಂಡು ನಿಧಾನದ ಓಟ, 90 ಸೆಕೆಂಡು ನಡಿಗೆ. ಹೀಗೆ ಇಪ್ಪತ್ತು ನಿಮಿಷ. ಶಸ್ತ್ರಚಿಕಿತ್ಸೆಯಾದವರು ಒಂದು ವಾರದ ಪಾಠವನ್ನು ಎರಡು ಮೂರು ವಾರ ಓದಿದರೂ ನಷ್ಟವಿಲ್ಲ. ಓಡುತ್ತಾ ಪಕ್ಕದವರೊಡನೆ ಮಾತನಾಡಲು ಸಾಧ್ಯವಾದರೆ ವೇಗ ಸರಿಯಾಗಿದೆಯೆಂದು ತಿಳಿಯಬೇಕು. ಎದೆನೋವು, ತಲೆಸುತ್ತು, ಕಣ್ಣು ಕತ್ತಲಿಡುವುದು ಕಂಡರೆ ಅಲ್ಲಿಯೇ ನಿಲ್ಲಬೇಕು, ವೈದ್ಯರನ್ನು ಕಾಣಬೇಕು.

ತತ್ವಶಾಸ್ತ್ರದ ವಿದ್ಯಾರ್ಥಿಗಳಾಗಿ ನಾವು ಓದಿದ ಅರಿಸ್ಟಾಟಲನ ವಿಚಾರವೊಂದು ಇಲ್ಲಿ ನೆನಪಿಗೆ ಬರುತ್ತದೆ. ಸದ್ಗುಣವು ಮಧ್ಯಮಮಾರ್ಗದಲ್ಲಿದೆ ಎಂದ ಆತ, ಆ ಮಧ್ಯವು ಎಲ್ಲರಿಗೂ ಒಂದೇ ಅಲ್ಲವೆಂದೂ ಹೇಳಿದ. ಹತ್ತು ಪಾಲು ಅತಿಯಾಯಿತು, ಎರಡು ಪಾಲು ಕಡಿಮೆಯಾಯಿತು ಎಂದು ಗರಡಿಯ ಗುರು ಎಲ್ಲರಿಗೂ ಆರು ಪಾಲು ಬಡಿಸುವುದಿಲ್ಲ. ಮೈಲೋ ಎಂಬ ಪ್ರಸಿದ್ಧ ಮಲ್ಲನಿಗೆ ಅದು ಸಾಲದು, ಇಂದು ಗರಡಿಗೆ ಬಂದವನಿಗೆ ಅದೇ ಹೆಚ್ಚು. ಓಟಕ್ಕೂ ಇದೇ ನಿಯಮವೆಂದು ಅವನೇ ಸೇರಿಸಿದ್ದಾನೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಈ ವಿವೇಕವನ್ನು ಇಂದಿನ ಹೊಸ ಓಟಗಾರನು ನೆರೆಯವನ ವೇಗವನ್ನು ಕಂಡು ನಾಚುವ ಮುನ್ನ ನೆನೆಯಬೇಕು.

ಮುದ್ದೆ, ನೀರು, ಮಾತ್ರೆ

ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹೊಸ ಜಠರಕ್ಕೆ ಇದು ಸಲ್ಲದು. ಎಲ್ಲವನ್ನೂ ನುಣ್ಣಗಾಗುವಂತೆ ಅಗಿದು, ಸಣ್ಣ ತುತ್ತಿನಲ್ಲಿ, ನಿಧಾನವಾಗಿ ತಿನ್ನಬೇಕು. ಮೊದಲ ವಾರಗಳಲ್ಲಿ ರಾಗಿ ಗಂಜಿಯಂತಹ ದ್ರವಗಳು ಸಾಕು. ಮುದ್ದೆಯ ದಿನವನ್ನು ವೈದ್ಯರು ಹೇಳುತ್ತಾರೆ. ದಿನಕ್ಕೆ 60ರಿಂದ 80 ಗ್ರಾಂ ಸಸಾರಜನಕ ಬೇಕಾಗುವುದರಿಂದ ಮೊಟ್ಟೆ, ಮೀನು, ಮೊಸರು, ಬೇಳೆಗಳಿಗೆ ತಟ್ಟೆಯಲ್ಲಿ ಮೊದಲ ಸ್ಥಾನ ಸಲ್ಲಬೇಕು.

ನೀರನ್ನು ಗಟಗಟನೆ ಕುಡಿಯುವಂತಿಲ್ಲ; ಊಟದೊಡನೆಯೂ ಕುಡಿಯುವಂತಿಲ್ಲ, ಅರ್ಧ ಗಂಟೆಯ ಅಂತರವಿರಲಿ. ಓಡಿ ಬೆವತವನಿಗೆ ಇದೇ ಕಠಿಣ ವ್ರತ. ದಿನವಿಡೀ ಗುಟುಕು ಗುಟುಕಾಗಿ ಕುಡಿಯುತ್ತಿರುವುದೊಂದೇ ದಾರಿ. ಓಟಗಾರರು ಬಳಸುವ ಸಿಹಿ ಪಾನೀಯಗಳು ಬೈಪಾಸ್ ಆದವರಲ್ಲಿ ಕರುಳಿಗೆ ಒಮ್ಮೆಲೇ ಧುಮುಕಿ, ಬೆವರು, ಎದೆಬಡಿತ, ಭೇದಿಗಳನ್ನು ಉಂಟುಮಾಡಬಲ್ಲವು. ಸಕ್ಕರೆ ಕಾಯಿಲೆಯ ಮಾತ್ರೆಯ ಪ್ರಮಾಣವನ್ನು ಹಳೆಯದರಂತೆಯೇ ಮುಂದುವರಿಸಿದರೆ ಓಟದ ನಡುವೆ ರಕ್ತದ ಸಕ್ಕರೆ ಕುಸಿಯಬಹುದು.

ಇನ್ನೊಂದು ಎಚ್ಚರಿಕೆ ಅತಿ ಮುಖ್ಯ. ಮಂಡಿ ನೋವೆಂದು ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗುವುದು ನಮ್ಮಲ್ಲಿ ಸಾಮಾನ್ಯ. ಬೈಪಾಸ್ ಆದವರಲ್ಲಿ ಇವು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಿ ಪ್ರಾಣಕ್ಕೇ ಸಂಚಕಾರ ತರಬಲ್ಲವು. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಬೇಡವೇ ಬೇಡ. ಕಬ್ಬಿಣ, ಬಿ-12, ಸುಣ್ಣ, ಡಿ ಜೀವಸತ್ವಗಳ ಪೂರಕಗಳನ್ನು ಮಾತ್ರ ಜೀವನಪರ್ಯಂತ ಮರೆಯಬಾರದು. ಏದುಸಿರು ಬಂದಾಗ ಅದು ಅಭ್ಯಾಸದ ಕೊರತೆಯೋ ರಕ್ತಹೀನತೆಯೋ ಎಂಬುದನ್ನು ರಕ್ತಪರೀಕ್ಷೆ ಹೇಳುತ್ತದೆ.

ಎಲ್ಲಿ ಓಡುವುದು?

ಹಾರೋಹಳ್ಳಿಯಂತಹ ಕಡೆ ಇದು ಸಣ್ಣ ಪ್ರಶ್ನೆಯಲ್ಲ. ಕೈಗಾರಿಕಾ ಪ್ರದೇಶದ ರಸ್ತೆಗಳು ಅಗಲವಾಗಿವೆ, ನೇರವಾಗಿವೆ. ಆದರೆ ಅಲ್ಲಿ ಸರಕಿನ ಲಾರಿಗಳು ಓಡಾಡುತ್ತವೆ, ಪಾಳಿ ಬದಲಾಗುವ ಹೊತ್ತಿನಲ್ಲಿ ವಾಹನಗಳ ಸಾಲು ಹರಿಯುತ್ತದೆ. 2000ದಲ್ಲಿ, 89ರ ವಯಸ್ಸಿನಲ್ಲಿ ಲಂಡನ್ ಮ್ಯಾರಥಾನ್ ಓಡಿ ಜಗತ್ತನ್ನು ಬೆರಗುಗೊಳಿಸಿದ ಪಂಜಾಬಿನ ಫೌಜಾ ಸಿಂಗ್ 2025ರ ಜುಲೈಯಲ್ಲಿ, 114ರ ವಯಸ್ಸಿನಲ್ಲಿ ತೀರಿಕೊಂಡರು. ಮುಪ್ಪು ಅವರನ್ನು ಕೊಂಡೊಯ್ಯಲಿಲ್ಲ. ತಮ್ಮ ಊರಿನ ಬಳಿಯ ಹೆದ್ದಾರಿಯಲ್ಲಿ ವಾಹನ ಬಡಿದು ಅವರು ಮಡಿದರು. ಈ ಸಂಗತಿ ನಮಗೆ ಪಾಠವಾಗಲಿ. ಹೆದ್ದಾರಿಯನ್ನು ಬಿಟ್ಟು ಒಳರಸ್ತೆ, ಶಾಲೆಯ ಮೈದಾನ, ಕೆರೆಯ ಏರಿಗಳನ್ನು ಆರಿಸಿಕೊಳ್ಳಬೇಕು. ವಾಹನಕ್ಕೆ ಎದುರುಮುಖವಾಗಿ, ಎದ್ದುಕಾಣುವ ಬಣ್ಣದ ಉಡುಪಿನಲ್ಲಿ, ಬೆಳಕಿದ್ದಾಗ, ಜೊತೆಗಾರರೊಡನೆ ಓಡಬೇಕು. ರಾತ್ರಿಪಾಳಿ ಮುಗಿಸಿ ಬಂದವರು ಮೊದಲು ನಿದ್ರೆ ಮಾಡಲಿ, ಸಂಜೆ ಓಡಲಿ.

ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಮೈ ಇಳಿದು ಜೋತ ಚರ್ಮವನ್ನು ಬಟ್ಟೆಯೊಳಗೆ ಮುಚ್ಚಿಕೊಂಡು, ನೂರು ಕಣ್ಣುಗಳ ನಡುವೆ ರಸ್ತೆಗಿಳಿಯುವ ತಾಯಿಗೆ ಬೇಕಾದ ಧೈರ್ಯವನ್ನು ನಾವು ಊಹಿಸಿದ್ದೇವೆಯೆ? ಪ್ರತಿ ಧರ್ಮಕೇಂದ್ರಕ್ಕೂ ಒಂದು ಅಂಗಳವಿದೆ. ಮುಂಜಾನೆಯ ಒಂದು ಗಂಟೆ ಅದನ್ನು ಇಂತಹವರಿಗೆ ಬಿಟ್ಟುಕೊಟ್ಟು, ಸ್ತ್ರೀಸಂಘದ ಇಬ್ಬರು ಜೊತೆಗೆ ಹೆಜ್ಜೆ ಹಾಕಿದರೆ ಖರ್ಚೇನೂ ಇಲ್ಲ. ವ್ಯಾಟಿಕನ್ನಿನಲ್ಲಿಯೇ ಕಾವಲುಭಟರು, ನೌಕರರು, ಗುರುಗಳು, ಕನ್ಯಾಸ್ತ್ರೀಯರು ಒಟ್ಟಾಗಿ ಓಡುವ 'ಅಥ್ಲೆಟಿಕಾ ವ್ಯಾಟಿಕಾನಾ' ಎಂಬ ಸಂಘ 2019ರಲ್ಲಿ ವಿಧ್ಯುಕ್ತವಾಗಿ ಆರಂಭವಾಯಿತೆಂಬುದು ನೆನಪಿರಲಿ.

ನಾವು ಮಾಡಬೇಕಾದದ್ದು

ಮದುವೆ, ನಾಮಕರಣ, ಕ್ರಿಸ್ಮಸ್ ಹಬ್ಬಗಳ ಪಂಕ್ತಿಯಲ್ಲಿ "ಇನ್ನೊಂದು ತುತ್ತು" ಎಂಬ ಒತ್ತಾಯವನ್ನು ಪ್ರೀತಿಯೆಂದು ಭಾವಿಸಿದ್ದೇವೆ. ಇಂತಹವರಿಗೆ ಆ ತುತ್ತು ವಾಂತಿ, ಸಂಕಟ. ಮದ್ಯದ ಲೋಟವಂತೂ ಅಪಾಯ. ಬೈಪಾಸ್ ಆದವರ ರಕ್ತಕ್ಕೆ ಅದು ಬಹುಬೇಗ ಏರುತ್ತದೆ, ಚಟಕ್ಕೂ ದಾರಿಮಾಡುತ್ತದೆ. ತಪಸ್ಸುಕಾಲದ ಉಪವಾಸದ ಕುರಿತು ಕೆಲವರಿಗೆ ಅಳುಕಿದೆ. ಆರೋಗ್ಯವು ಅನುಮತಿಸದವರನ್ನು ಧರ್ಮಸಭೆ ಉಪವಾಸಕ್ಕೆ ಕಟ್ಟಿಹಾಕುವುದಿಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ನಿಯಮವೂ ನೀರನ್ನಾಗಲಿ ಔಷಧಿಯನ್ನಾಗಲಿ ತಡೆಯುವುದಿಲ್ಲ. ಗುಟುಕು ನೀರಿಗೆ ಯಾರೂ ಅಂಜಬೇಕಿಲ್ಲ.

ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಓಟದ ಪಂದ್ಯವನ್ನು ಉಪಮೆಯಾಗಿ ಬಳಸಿದ್ದಾರೆ. ಆ ನಗರದ ಬಳಿಯೇ ಎರಡು ವರ್ಷಗಳಿಗೊಮ್ಮೆ ಇಸ್ತ್ಮಿಯದ ಕ್ರೀಡೆಗಳು ನಡೆಯುತ್ತಿದ್ದುದರಿಂದ ಅವರ ಓದುಗರಿಗೆ ಓಟವೆಂದರೇನೆಂದು ಗೊತ್ತಿತ್ತು. ಅಲ್ಲಿ ಒಬ್ಬನಿಗೆ ಮಾತ್ರ ಕಿರೀಟ. ನಮ್ಮ ಹೊಸ ಓಟಗಾರರು ಓಡುವ ಪಂದ್ಯದಲ್ಲಿ ಎದುರಾಳಿಯೇ ಇಲ್ಲ. ಮೆಟ್ಟಿಲು ಹತ್ತಿದಾಗ ಏದುಸಿರು ಬಾರದಿರುವುದು, ಮಗುವನ್ನು ಎತ್ತಿಕೊಂಡು ಬೆಟ್ಟದ ಶಿಲುಬೆಯವರೆಗೆ ನಡೆಯುವುದು, ಇನ್ನೂ ಕೆಲವು ವರ್ಷ ಮನೆಯವರೊಡನೆ ಬಾಳುವುದು, ಇವೇ ಅವರ ಕಿರೀಟ.

ಆದುದರಿಂದ, ಪ್ರಿಯ ವಾಚಕರೇ, ನಾಳೆ ಮುಂಜಾನೆ ನಿಮ್ಮ ಬೀದಿಯಲ್ಲಿ ಒಂದು ನಿಮಿಷ ಓಡಿ, ಒಂದೂವರೆ ನಿಮಿಷ ನಡೆದು, ಮತ್ತೆ ಓಡುವ ಒಬ್ಬರು ಕಂಡರೆ ನಗಬೇಡಿ. ಕುಶಲ ಕೇಳಿ. ಸಾಧ್ಯವಾದರೆ ಒಂದು ಸುತ್ತು ಜೊತೆಗೆ ನಡೆಯಿರಿ.