ಕುದುರೆಗಳ ಬಾಲದ ತುರಿಕೆ

ಕುದುರೆಗಳ ಬಾಲದ ತುರಿಕೆ ಎಂಬುದು ಕುದುರೆಯು ತನ್ನ ಬಾಲದ ಬುಡವನ್ನು ಗೋಡೆ, ಕಂಬ, ಮರ ಅಥವಾ ಬೇಲಿಗೆ ಪದೇ ಪದೇ ಉಜ್ಜಿಕೊಳ್ಳುವ ಸ್ಥಿತಿ. ಇದು ಸ್ವತಂತ್ರವಾದ ಒಂದು ರೋಗವಲ್ಲ. ಹಲವು ಬೇರೆ ಬೇರೆ ತೊಂದರೆಗಳ ಹೊರಗುರುತು. ಹೊಟ್ಟೆಯೊಳಗಿನ ಹುಳು, ಕಚ್ಚುವ ನುಸಿ, ಹೇನು, ಶಿಲೀಂಧ್ರ, ದೇಹದ ಕೊಳೆ ಇವುಗಳಲ್ಲಿ ಯಾವುದು ಮೂಲವೆಂದು ತಿಳಿಯದೆ ಮಾಡಿದ ಉಪಚಾರ ಬಹುಮಟ್ಟಿಗೆ ನಿಷ್ಫಲವಾಗುತ್ತದೆ; ಕೆಲವೊಮ್ಮೆ ಪ್ರಾಣಿಯ ಜೀವಕ್ಕೇ ಅಪಾಯ ತರುತ್ತದೆ.

ಲಕ್ಷಣಗಳು

ಆರಂಭದಲ್ಲಿ ಬಾಲದ ಬುಡದ ಕೂದಲು ತುಂಡಾಗಿ ಕೆದರಿ ನಿಲ್ಲುತ್ತದೆ. ಉಜ್ಜಾಟ ಮುಂದುವರಿದಂತೆ ಕೂದಲು ಉದುರಿ, ಚರ್ಮ ಕೆಂಪಾಗಿ, ಹೊಟ್ಟು ಏಳುತ್ತದೆ. ಬಹುಕಾಲ ಹೀಗೇ ಬಿಟ್ಟರೆ ಚರ್ಮ ದಪ್ಪಗಾಗಿ ಮಡಿಕೆ ಬೀಳುತ್ತದೆ. ಗಾಯವಾಗಿ ಕೀವು ತುಂಬುವುದೂ, ನೊಣ ಕೂತು ಹುಳು ಬೀಳುವುದೂ ಉಂಟು. ತುರಿಕೆಯಿಂದ ನೆಮ್ಮದಿಗೆಟ್ಟ ಕುದುರೆ ಸರಿಯಾಗಿ ಮೇಯುವುದಿಲ್ಲ, ಸೊರಗುತ್ತದೆ, ಸವಾರಿಗೂ ಗಾಡಿಗೂ ಒಗ್ಗದಂತಾಗುತ್ತದೆ. ಬಾಲವು ಕುದುರೆಗೆ ನೊಣ ಓಡಿಸುವ ಚಾಮರವಾಗಿರುವುದರಿಂದ ಅದರ ಕೂದಲು ಹೋದಷ್ಟೂ ಕೀಟಗಳ ಕಾಟ ಹೆಚ್ಚುತ್ತದೆ.

ಕಾರಣಗಳು

ಸೂಜಿಹುಳು: ಆಕ್ಸಿಯೂರಿಸ್ ಇಕ್ವಿ ಎಂಬ ಈ ಹುಳು ಕುದುರೆಯ ದೊಡ್ಡ ಕರುಳಿನಲ್ಲಿ ವಾಸಿಸುತ್ತದೆ. ಗಂಡು ಹುಳು ಸುಮಾರು 1 ಸೆಂ.ಮೀ. ಉದ್ದವಿದ್ದರೆ ಹೆಣ್ಣು 10 ಸೆಂ.ಮೀ.ಗೂ ಹೆಚ್ಚು ಬೆಳೆಯಬಲ್ಲದು. ಹೆಣ್ಣು ಹುಳು ಗುದದ್ವಾರಕ್ಕೆ ಬಂದು ಅದರ ಸುತ್ತಲಿನ ಚರ್ಮದ ಮೇಲೆ ಅಂಟಂಟಾದ ದ್ರವದೊಡನೆ ಸಾವಿರಾರು ಮೊಟ್ಟೆಗಳನ್ನು ಇಡುತ್ತದೆ. ಈ ಅಂಟು ಒಣಗಿದಾಗ ಬೂದು ಮಿಶ್ರಿತ ಹಳದಿ ಬಣ್ಣದ ಪೊರೆಯಾಗಿ ಕಾಣುತ್ತದೆ. ತುರಿಕೆಗೆ ಮೂಲ ಇದೇ. ಕುದುರೆ ಉಜ್ಜಿಕೊಂಡಾಗ ಮೊಟ್ಟೆಗಳು ಲಾಯದ ಗೋಡೆ, ಮೇವಿನ ಬಾನಿ, ಹಾಸುಹುಲ್ಲುಗಳ ಮೇಲೆ ಉದುರುತ್ತವೆ. ನಾಲ್ಕೈದು ದಿನಗಳಲ್ಲಿ ಅವು ಸೋಂಕು ತರುವ ಹಂತಕ್ಕೆ ಬಂದು, ಮೇವು ನೀರಿನೊಂದಿಗೆ ಮತ್ತೆ ಹೊಟ್ಟೆ ಸೇರುತ್ತವೆ. ಈ ಹುಳು ಮನುಷ್ಯರಿಗೆ ತಗಲುವುದಿಲ್ಲ.

ಕಚ್ಚುವ ನುಸಿ: ಕ್ಯೂಲಿಕಾಯ್ಡಿಸ್ ಕುಲಕ್ಕೆ ಸೇರಿದ, 1ರಿಂದ 3 ಮಿ.ಮೀ. ಗಾತ್ರದ ನುಸಿಗಳಲ್ಲಿ ಹೆಣ್ಣುಗಳು ಮಾತ್ರ ರಕ್ತ ಹೀರುತ್ತವೆ. ಕಚ್ಚುವಾಗ ಚರ್ಮದೊಳಗೆ ಸೇರುವ ಜೊಲ್ಲಿಗೆ ಕೆಲವು ಕುದುರೆಗಳ ದೇಹ ಅಲರ್ಜಿಯಿಂದ ಪ್ರತಿಕ್ರಿಯಿಸುತ್ತದೆ. ಆಗ ಬಾಲದ ಬುಡದ ಜೊತೆಗೆ ಕತ್ತಿನ ಜೂಲಿನ ಬುಡದಲ್ಲಿಯೂ, ಕೆಲವು ಸಲ ಹೊಟ್ಟೆಯ ಕೆಳಭಾಗದಲ್ಲಿಯೂ ತೀವ್ರ ತುರಿಕೆ ಉಂಟಾಗುತ್ತದೆ. ಈ ಅಲರ್ಜಿಯ ಒಲವು ಆನುವಂಶಿಕವಾಗಿಯೂ ಬರುತ್ತದೆ. ಐಸ್ಲೆಂಡಿನಲ್ಲಿ ಬಹುಕಾಲ ಈ ನುಸಿ ಇರಲಿಲ್ಲ. ಅಲ್ಲಿ ಹುಟ್ಟಿ ಬೆಳೆದು ಯುರೋಪಿನ ಇತರ ದೇಶಗಳಿಗೆ ಹೋದ ಕುದುರೆಗಳಲ್ಲಿ ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಂಡದ್ದು ಪಶುವೈದ್ಯರಿಗೆ ಚೆನ್ನಾಗಿ ತಿಳಿದ ಸಂಗತಿ.

ಇತರ ಕಾರಣಗಳು: ಹೇನು, ಉಣ್ಣಿ, ಕಜ್ಜಿಯ ಹುಳು, ಹುಳುಕಡ್ಡಿ ಮುಂತಾದವು ಬಾಲದಲ್ಲಿಯೂ ತುರಿಕೆ ತರಬಹುದು. ಹೆಣ್ಣು ಕುದುರೆಯ ಕೆಚ್ಚಲಿನ ನಡುವೆ ಅಥವಾ ಗಂಡು ಕುದುರೆಯ ಜನನೇಂದ್ರಿಯದ ಪೊರೆಯಲ್ಲಿ ಕೊಳೆ ಸೇರಿದಾಗ, ಅದನ್ನು ಮುಟ್ಟಲಾರದ ಪ್ರಾಣಿ ಬಾಲವನ್ನು ಉಜ್ಜುವುದುಂಟು. ಸ್ನಾನದ ಬಳಿಕ ಉಳಿದ ಸಾಬೂನು, ಬೆವರು, ಆಹಾರದ ಅಲರ್ಜಿ ಇವೂ ಕಾರಣಗಳೇ.

ಪತ್ತೆ ಹಚ್ಚುವ ಕ್ರಮ

ಬಾಲವನ್ನು ಎತ್ತಿ ಗುದದ ಸುತ್ತಲೂ ಒಣಗಿದ ಅಂಟು ಇದೆಯೇ ಎಂದು ಮೊದಲು ನೋಡಬೇಕು. ಸೂಜಿಹುಳುವಿನ ಮೊಟ್ಟೆಗಳು ಸಾಮಾನ್ಯ ಲದ್ದಿ ಪರೀಕ್ಷೆಯಲ್ಲಿ ಸಿಗದಿರುವುದೇ ಹೆಚ್ಚು. ಆದ್ದರಿಂದ ಗುದದ ಪಕ್ಕದ ಚರ್ಮಕ್ಕೆ ಪಾರದರ್ಶಕ ಅಂಟುಪಟ್ಟಿಯನ್ನು ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಜೂಲು ಮತ್ತು ಬಾಲ ಎರಡೂ ಕಡೆ ತುರಿಕೆಯಿದ್ದು, ನುಸಿಗಳು ಹೆಚ್ಚಿರುವ ಕಾಲದಲ್ಲಿ ಉಲ್ಬಣಿಸಿ ಉಳಿದ ಕಾಲದಲ್ಲಿ ಇಳಿದರೆ ನುಸಿಯ ಅಲರ್ಜಿಯನ್ನು ಶಂಕಿಸಬೇಕು. ಕೂದಲನ್ನು ಬಿಡಿಸಿ ನೋಡಿದರೆ ಹೇನು, ಸೀರುಗಳು ಕಣ್ಣಿಗೇ ಕಾಣುತ್ತವೆ.

ಉಪಚಾರ

ಸೂಜಿಹುಳುವಿಗೆ ಪಶುವೈದ್ಯರು ಕುದುರೆಯ ತೂಕಕ್ಕೆ ತಕ್ಕಂತೆ ಜಂತುನಾಶಕ ಔಷಧ ಕೊಡುತ್ತಾರೆ. ಐವರ್‌ಮೆಕ್ಟಿನ್ ಮುಂತಾದ ಔಷಧಗಳಿಗೆ ಈ ಹುಳು ಬಗ್ಗದಿರುವ ಉದಾಹರಣೆಗಳಿರುವುದರಿಂದ ಔಷಧದ ಆಯ್ಕೆ ವೈದ್ಯರದೇ ಆಗಿರಬೇಕು. ಚರ್ಮದ ಮೇಲಿನ ಮೊಟ್ಟೆಗಳನ್ನು ಔಷಧ ಕೊಲ್ಲುವುದಿಲ್ಲ. ಹಾಗಾಗಿ ಗುದದ ಸುತ್ತಲಿನ ಭಾಗವನ್ನು ದಿನವೂ ಬೆಚ್ಚಗಿನ ನೀರಿನಿಂದ ಒರೆಸಿ, ಒರೆಸಿದ ಬಟ್ಟೆಯನ್ನು ಸುಡಬೇಕು. ಒಂದೇ ಲಾಯದ ಎಲ್ಲ ಕುದುರೆಗಳಿಗೂ ಒಟ್ಟಿಗೆ ಉಪಚಾರ ನಡೆಯಬೇಕು.

ತುರಿಕೆಯನ್ನು ಶಮನಗೊಳಿಸಲು ತಣ್ಣೀರು ಹಾಯಿಸುವುದು, ಸೌಮ್ಯವಾದ ಶಾಂಪೂವಿನಿಂದ ತೊಳೆದು ಅದು ಉಳಿಯದಂತೆ ಜಾಲಿಸುವುದು, ಚೆನ್ನಾಗಿ ಒಣಗಿಸುವುದು ಸರಳ ಉಪಾಯಗಳು. ಗಾಯವಿಲ್ಲದ ಚರ್ಮಕ್ಕೆ ಲೋಳೆಸರದ ತಿರುಳನ್ನಾಗಲಿ, ತೆಂಗಿನೆಣ್ಣೆಯಲ್ಲಿ ಬೆರೆಸಿದ ಸ್ವಲ್ಪ ಬೇವಿನೆಣ್ಣೆಯನ್ನಾಗಲಿ, ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸಿ, ಹಚ್ಚಬಹುದು; ಎಣ್ಣೆಯ ಲೇಪ ನುಸಿ ಕಚ್ಚದಂತೆಯೂ ತಡೆಯುತ್ತದೆ. ತೀವ್ರವಾದಾಗ ವೈದ್ಯರು ಸ್ಟೀರಾಯ್ಡ್ ಬಳಸುವುದುಂಟು. ಆದರೆ ಅದು ಗೊರಸಿನ ಉರಿಯೂತಕ್ಕೆ ದಾರಿಯಾಗಬಹುದಾದ್ದರಿಂದ ಸ್ವಂತ ನಿರ್ಧಾರದಿಂದ ಕೊಡಬಾರದು.

ಎಚ್ಚರಿಕೆಗಳು

ದನ ಮತ್ತು ನಾಯಿಗಳ ಉಣ್ಣಿಗೆ ಬಳಸುವ ಅಮಿಟ್ರಾಜ್ ಎಂಬ ಔಷಧವನ್ನು ಕುದುರೆಗೆ ಹಚ್ಚಲೇಬಾರದು. ಅದು ಕುದುರೆಯ ಕರುಳಿನ ಚಲನೆಯನ್ನು ಕುಂದಿಸಿ, ಲದ್ದಿ ಕಟ್ಟಿ, ಪ್ರಾಣಾಂತಿಕವಾದ ಹೊಟ್ಟೆನೋವನ್ನು ತರಬಲ್ಲದು. ದನಗಳೇ ಹೆಚ್ಚಾಗಿರುವ ಹಳ್ಳಿಗಳಲ್ಲಿ ಕೊಟ್ಟಿಗೆಗೆಂದು ತಂದ ಔಷಧ ಕೈಗೆ ಸುಲಭವಾಗಿ ಸಿಗುವುದರಿಂದ ಈ ಎಚ್ಚರ ಮುಖ್ಯವಾದುದು. ಸೀಮೆಎಣ್ಣೆ, ಹಳೆಯ ಯಂತ್ರದ ಎಣ್ಣೆ ಇವು ಚರ್ಮವನ್ನು ಸುಡುತ್ತವೆ. ಉಜ್ಜದಂತೆ ಬಾಲಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿ ರಾತ್ರಿಯಿಡೀ ಬಿಟ್ಟರೆ ರಕ್ತಸಂಚಾರ ನಿಂತು ಬಾಲಕ್ಕೇ ಹಾನಿಯಾದೀತು.

ತಡೆಗಟ್ಟುವಿಕೆ

ನುಸಿಗಳು ಮುಂಜಾವು ಮತ್ತು ಮುಸ್ಸಂಜೆಯಲ್ಲಿ ಹೆಚ್ಚು ಕಚ್ಚುತ್ತವೆ. ಆ ಹೊತ್ತಿನಲ್ಲಿ ಕುದುರೆಯನ್ನು ಲಾಯದೊಳಗೆ ಕಟ್ಟುವುದು ಒಳ್ಳೆಯದು. ಅವು ದುರ್ಬಲವಾಗಿ ಹಾರುವ ಕೀಟಗಳಾದ್ದರಿಂದ ಲಾಯದಲ್ಲಿ ಫ್ಯಾನ್ ತಿರುಗಿದರೂ ಹತ್ತಿರ ಬರಲಾರವು. ಸೊಳ್ಳೆಪರದೆಯ ಸಾಮಾನ್ಯ ಕಣ್ಣುಗಳಲ್ಲಿ ನುಸಿ ನುಸುಳುವುದರಿಂದ ಇನ್ನೂ ಸಣ್ಣ ಕಣ್ಣಿನ ಬಲೆ ಬೇಕು. ಲದ್ದಿಯನ್ನು ದಿನವೂ ದೂರ ಸಾಗಿಸುವುದು, ಲಾಯದ ಸುತ್ತ ನೀರು ನಿಲ್ಲದಂತೆ ಕಾಲುವೆ ತೆಗೆಯುವುದು, ಮೇವಿನ ಬಾನಿಯನ್ನು ತೊಳೆಯುವುದು, ಪ್ರತಿ ಕುದುರೆಗೂ ಬೇರೆ ಬಾಚಣಿಗೆ ಇಡುವುದು, ಹೊಸದಾಗಿ ತಂದ ಕುದುರೆಯನ್ನು ಕೆಲವು ವಾರ ಪ್ರತ್ಯೇಕವಾಗಿ ಕಟ್ಟುವುದು ಉತ್ತಮ ರೂಢಿಗಳು.

ಕರ್ನಾಟಕದ ಸಂದರ್ಭ

ವಿಜಯನಗರದ ಕಾಲದಲ್ಲಿ ಭಟ್ಕಳ, ಹೊನ್ನಾವರ ಮುಂತಾದ ಬಂದರುಗಳಿಗೆ ಅರಬ್ ನಾಡು ಮತ್ತು ಹೋರ್ಮುಜ್ ಕಡೆಯಿಂದ ಕುದುರೆಗಳು ಹಡಗಿನಲ್ಲಿ ಬರುತ್ತಿದ್ದವು. ಒಣ ಹವೆಗೆ ಹೊಂದಿಕೊಂಡ ಆ ಪ್ರಾಣಿಗಳಿಗೆ ಕರಾವಳಿಯ ಸೆಕೆ, ತೇವ, ಕೀಟಗಳು ಹೊಸವು. ಕುಮಟಾ ತಾಲ್ಲೂಕಿನ ಮಿರ್ಜಾನ ಕೋಟೆಯ ಬಳಿ ಹರಿಯುವ ಅಘನಾಶಿನಿಯ ಅಳಿವೆ, ಅದರ ದಂಡೆಯ ಗಜನಿ ಗದ್ದೆಗಳು, ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿದ ಮಳೆ ಇವೆಲ್ಲ ಸೇರಿ ಸದಾ ಹಸಿಯಾಗಿರುವ ನೆಲವನ್ನು ಒದಗಿಸುತ್ತವೆ. ನುಸಿಗಳು ಮೊಟ್ಟೆಯಿಡುವುದು ಇಂಥ ನೆಲದಲ್ಲಿಯೇ. ಆದ್ದರಿಂದ ಈ ಭಾಗದಲ್ಲಿ ಕುದುರೆ ಸಾಕುವವರು ಲಾಯವನ್ನು ಗದ್ದೆಬಯಲಿನಿಂದ ದೂರವಾಗಿ, ಗಾಳಿಯಾಡುವ ಎತ್ತರದ ಜಾಗದಲ್ಲಿ ಕಟ್ಟುವುದು ಲೇಸು.

ಕುದುರೆಗಳ ಆರೈಕೆಗೆ ಕನ್ನಡದಲ್ಲಿ ಹಳೆಯ ಪರಂಪರೆಯಿದೆ. ಅಭಿನವಚಂದ್ರನು ಸುಮಾರು 1400ರ ವೇಳೆಗೆ ಅಶ್ವವೈದ್ಯವನ್ನು ಕುರಿತು ಗ್ರಂಥ ರಚಿಸಿದನು. ಇಂದು ರಾಜ್ಯದಲ್ಲಿ ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂ, ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ, ಬೆಂಗಳೂರು ಮತ್ತು ಮೈಸೂರಿನ ರೇಸ್ ಕೋರ್ಸ್‌ಗಳು ಕುದುರೆಗಳ ಪ್ರಮುಖ ನೆಲೆಗಳಾಗಿವೆ. ಇಂಥ ಸಂಸ್ಥೆಗಳಿಂದ ದೂರವಿರುವ ಟಾಂಗಾ, ಮೆರವಣಿಗೆಯ ಕುದುರೆಗಳ ಮಾಲೀಕರು ತುರಿಕೆ ಕಂಡ ಮೊದಲ ವಾರದಲ್ಲೇ ಸಮೀಪದ ಸರ್ಕಾರಿ ಪಶು ಚಿಕಿತ್ಸಾಲಯವನ್ನು ಕಾಣುವುದು ಕುದುರೆಗೂ, ಅದನ್ನೇ ನಂಬಿದ ಕುಟುಂಬಕ್ಕೂ ಹಿತಕರ.